ಗೇಟ್ ತೆಗೆಯುವವರೆಗೆ: ಚಳಿಗಾಲದ ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಒಂಬತ್ತು ದಿನ

ಕೆನಡಾದ ಭೂಪಟದಲ್ಲಿ ಎಡಗಡೆ ಮೇಲ್ತುದಿ ನೋಡಿ. ಯೂಕಾನ್ ಅಂತ ಬರೆದಿರುವ ಕಡೆ ರಸ್ತೆಗಳು ಕಡಿಮೆಯಾಗುತ್ತಾ ಹೋಗುತ್ತವೆ. ಡಾಸನ್ ಸಿಟಿಯ ಹತ್ತಿರ ಬಂದಾಗ ಉತ್ತರಕ್ಕೆ ಹೋಗುವ ಗೆರೆ ಒಂದೇ ಒಂದು. ಅದೇ ಡೆಂಪ್‌ಸ್ಟರ್ ಹೆದ್ದಾರಿ. ಸುಮಾರು 735 ಕಿಲೋಮೀಟರ್ ಜಲ್ಲಿ ರಸ್ತೆ. 1979ರಲ್ಲಿ ತೆರೆದಿದ್ದು. ಇನುವಿಕ್ ಅನ್ನುವ ಊರಿಗೆ ಹೋಗಿ ಮುಟ್ಟುತ್ತದೆ. 2017ರಿಂದ ಅಲ್ಲಿಂದ ಇನ್ನೂ 138 ಕಿ.ಮೀ. ಮುಂದೆ, ಆರ್ಕ್ಟಿಕ್ ಸಾಗರದ ದಡದವರೆಗೂ ರಸ್ತೆ ಇದೆ.

ಚಳಿಗಾಲದಲ್ಲೇ ಯಾಕೆ ಅಂತ ಎಲ್ಲರೂ ಕೇಳಿದರು. ನನ್ನ ಉತ್ತರ ಸುಲಭ. ಬೇಸಿಗೆಯಲ್ಲಿ ಆ ರಸ್ತೆ ಚೂಪು ಕಲ್ಲು, ಮಳೆ ಬಂದರೆ ಕೆಸರು, ಜೊತೆಗೆ ಸೊಳ್ಳೆ. ಚಳಿಗಾಲದಲ್ಲಿ ಹಿಮ ಜಲ್ಲಿಯ ಮೇಲೆ ಗಟ್ಟಿಯಾಗಿ ಕೂತು ರಸ್ತೆ ನಯವಾಗುತ್ತದೆ, ಪಂಕ್ಚರ್ ಕಡಿಮೆ. ತಂಗಿ ಇದನ್ನು ಕೇಳಿ, "ಸರಿ, ಚಳಿಗೆ ಏನು ಮಾಡ್ತೀಯ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಅವಳೂ ಬಂದಳು.

ಫೆಬ್ರವರಿ ಕೊನೆಯ ವಾರ ಆರಿಸಿದ್ದೂ ಅವಳೇ. ಇನುವಿಕ್‌ನಲ್ಲಿ ಡಿಸೆಂಬರ್ ಮೊದಲ ವಾರದಿಂದ ಸುಮಾರು ಒಂದು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಏಪ್ರಿಲ್ ಮುಗಿಯುತ್ತಿದ್ದಂತೆ, ಕಾರು ದಾಟಬೇಕಾದ ನದಿಗಳ ಮೇಲಿನ ಮಂಜುಗಡ್ಡೆ ಮೆತ್ತಗಾಗುತ್ತದೆ. ನಡುವೆ ಬೆಳಕೂ ಇರಬೇಕು, ಮಂಜೂ ಗಟ್ಟಿ ಇರಬೇಕು ಅಂದರೆ ಫೆಬ್ರವರಿ, ಮಾರ್ಚ್.

ದಿನ 1: ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿ

ಹೊರಡುವ ಮೊದಲು ಕಾರಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಈ ಪ್ರವಾಸದ ಅರ್ಧ ಖರ್ಚು, ಅರ್ಧ ಜಗಳ ಇದರಲ್ಲೇ ಆಯಿತು.

ಇಲ್ಲಿನ ಕಾರುಗಳ ಮುಂದೆ, ಗ್ರಿಲ್‌ನಿಂದ ಒಂದು ವೈರ್ ಜೋತಾಡುತ್ತಿರುತ್ತದೆ. ಮೊದಲ ಸಲ ನೋಡಿದವರಿಗೆ ಎಲೆಕ್ಟ್ರಿಕ್ ಕಾರು ಅನ್ನಿಸಬಹುದು. ಅದು ಬ್ಲಾಕ್ ಹೀಟರ್‌ನ ವೈರ್. ರಾತ್ರಿ ಕಾರು ನಿಲ್ಲಿಸಿದ ಕಡೆ ಪ್ಲಗ್ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಎಂಜಿನ್ ಬೆಚ್ಚಗಿರುತ್ತದೆ. ಸಿಕ್ಕಿಸದೆ ಮೈನಸ್ 40ರಲ್ಲಿ ಮಲಗಿದರೆ ಬೆಳಿಗ್ಗೆ ಎಂಜಿನ್ ಆಯಿಲ್ ಜೇನಿನ ಹಾಗೆ ಆಗಿರುತ್ತದೆ, ಬ್ಯಾಟರಿಗೂ ಅದನ್ನು ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ. ನಾವು ಬ್ಯಾಟರಿಗೂ ಒಂದು ಬಿಸಿ ಹೊದಿಕೆ ಹಾಕಿಸಿದೆವು. ರೇಡಿಯೇಟರ್ ಮುಂದೆ ರಟ್ಟು ಕಟ್ಟಿದೆವು, ತಣ್ಣನೆ ಗಾಳಿ ನೇರವಾಗಿ ಹೊಡೆಯಬಾರದು ಅಂತ. ಎರಡು ಸ್ಟೆಪ್ನಿ, ಸಲಿಕೆ, ಎಳೆಯುವ ಪಟ್ಟಿ, ಇಪ್ಪತ್ತು ಲೀಟರ್ ಪೆಟ್ರೋಲ್ ಕ್ಯಾನು, ಮಲಗುವ ಚೀಲ, ಡಬ್ಬಿಯಲ್ಲಿ ಮೇಣದ ಬತ್ತಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರ. ಡಾಸನ್ ಬಿಟ್ಟ ಮೇಲೆ ನೂರಾರು ಕಿಲೋಮೀಟರ್ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ತಂಗಿ ಸ್ಟೀರಿಂಗ್ ಮೇಲೆ ಒಂದು ಹಳದಿ ಚೀಟಿ ಅಂಟಿಸಿದಳು. ಅದರ ಮೇಲೆ ಒಂದೇ ಪದ: ವೈರ್! ಪ್ಲಗ್ ಕೀಳದೆ ಕಾರು ಹೊರಡಿಸಿ ವೈರ್ ಹರಿದುಕೊಳ್ಳುವುದು ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪಂತೆ. "ನಿನಗೋಸ್ಕರ," ಅಂದಳು.

ದಾರಿ ಸುಮಾರು 530 ಕಿ.ಮೀ. ಕಾರ್ಮ್ಯಾಕ್ಸ್, ಪೆಲ್ಲಿ ಕ್ರಾಸಿಂಗ್, ಸ್ಟೀವರ್ಟ್ ಕ್ರಾಸಿಂಗ್. ಫೈವ್ ಫಿಂಗರ್ ರ‍್ಯಾಪಿಡ್ಸ್ ಹತ್ತಿರ ಒಂದು ಕಡೆ ನಿಂತು ಯೂಕಾನ್ ನದಿ ನೋಡಿದೆವು. ಬಂಡೆಗಳ ನಡುವೆ ನೀರು ಇನ್ನೂ ಹರಿಯುತ್ತಿತ್ತು, ಮೇಲೆ ಹಬೆ. ಉಳಿದಿದ್ದೆಲ್ಲ ಕಾಡು, ಕಾಡು, ಕಾಡು.

ಡಾಸನ್ 1896ರಲ್ಲಿ ಹತ್ತಿರದ ತೊರೆಯಲ್ಲಿ ಚಿನ್ನ ಸಿಕ್ಕ ಮೇಲೆ ಹುಟ್ಟಿದ ಊರು. ಬೇಸಿಗೆಯಲ್ಲಿ ಪ್ರವಾಸಿಗರ ಜಾತ್ರೆ, ಈಗ ಮುಕ್ಕಾಲು ಪಾಲು ಬಾಗಿಲು ಹಾಕಿದೆ. ನೆಲದ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣು ಅಲ್ಲಲ್ಲಿ ಕರಗಿ, ಹಳೆಯ ಮರದ ಕಟ್ಟಡಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ, ತಡರಾತ್ರಿ ಮನೆಗೆ ಹೊರಟ ಇಬ್ಬರು ಗೆಳೆಯರ ಹಾಗೆ. ಸಂಜೆ ಏಳರವರೆಗೂ ಬೆಳಕಿತ್ತು. ಇಷ್ಟು ಉತ್ತರದಲ್ಲಿ ಫೆಬ್ರವರಿಯಲ್ಲಿ ಇಷ್ಟು ಹೊತ್ತು ಹೇಗೆ ಅಂದುಕೊಂಡೆ. ಯೂಕಾನ್ 2020ರಿಂದ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿದೆ. ಈಗ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಎರಡೂವರೆಗೆ. ನೆತ್ತಿ ಅನ್ನುವುದೂ ಸುಮ್ನೆ ಮಾತಿಗೆ. ಮರದ ತುದಿಗಿಂತ ಸ್ವಲ್ಪ ಮೇಲೆ ಬರುತ್ತದೆ, ಅಷ್ಟೇ.

ಬೆಳಿಗ್ಗೆ ಒಂಬತ್ತೂವರೆವರೆಗೆ ಕತ್ತಲೆ ಅನ್ನುವುದು ಇದರ ಇನ್ನೊಂದು ಮುಖ. ನಾನು ಆರಕ್ಕೆ ಹೊರಡೋಣ ಅಂದೆ. ಅವಳು ಬೆಳಕಾದ ಮೇಲೆ ಅಂದಳು. ಅವಳ ಮಾತೇ ನಡೆಯಿತು.

ದಿನ 2: ಡಾಸನ್‌ನಿಂದ ಈಗಲ್ ಪ್ಲೇನ್ಸ್

ಹೊರಗೆ ಮೈನಸ್ 37. ಮೂಗಿನೊಳಗಿನ ಕೂದಲು ಮೊದಲ ಉಸಿರಿಗೇ ಹೆಪ್ಪುಗಟ್ಟುತ್ತದೆ. ಕಾರು ಹೊರಟ ಮೊದಲ ಒಂದೆರಡು ಕಿಲೋಮೀಟರ್ ದಡ್ ದಡ್ ದಡ್ ಅಂತ ಕುಲುಕಾಡಿತು. ಟೈರ್ ಪಂಕ್ಚರ್ ಅಂದುಕೊಂಡು ಇಳಿದು ನೋಡಿದೆ. ಏನೂ ಇಲ್ಲ. ರಾತ್ರಿಯಿಡೀ ಒಂದೇ ಕಡೆ ನಿಂತಿದ್ದ ಟೈರಿನ ಕೆಳಭಾಗ ಚಪ್ಪಟೆಯಾಗಿಯೇ ಗಟ್ಟಿಯಾಗಿತ್ತು. ಬಿಸಿಯಾದ ಮೇಲೆ ಮತ್ತೆ ದುಂಡಗಾಯಿತು.

ಊರಿನಿಂದ 40 ಕಿ.ಮೀ. ಹಿಂದೆ ಬಂದರೆ ಡೆಂಪ್‌ಸ್ಟರ್ ಶುರುವಾಗುವ ತಿರುವು. ಇಲ್ಲಿಂದ ಮುಂದಿನ ಪೆಟ್ರೋಲ್, ಊಟ, ಹಾಸಿಗೆ ಎಲ್ಲ 369 ಕಿ.ಮೀ. ದೂರ. ಟ್ಯಾಂಕ್ ತುಂಬಿಸಿದೆವು, ಕ್ಯಾನನ್ನೂ ಅಲುಗಾಡಿಸಿ ನೋಡಿದೆವು.

ಮೊದಲ ಎಪ್ಪತ್ತು ಕಿಲೋಮೀಟರ್ ಕಾಡಿನ ಮಧ್ಯೆ ಏರುತ್ತಾ ಹೋಗುತ್ತದೆ. ಆಮೇಲೆ ಟೂಂಬ್‌ಸ್ಟೋನ್ ಬೆಟ್ಟಗಳು ಎಡಕ್ಕೆ ತೆರೆದುಕೊಂಡವು. ಕಪ್ಪು ಕಲ್ಲಿನ ಚೂಪು ಶಿಖರಗಳು, ಹಿಮವೂ ನಿಲ್ಲಲಾರದಷ್ಟು ಕಡಿದು. ಸ್ವಲ್ಪ ಮುಂದೆ ನಾರ್ತ್ ಫೋರ್ಕ್ ಪಾಸ್, ಬೆಟ್ಟ ದಾಟುವ ಜಾಗ. ಇದರ ಈಚೆ ಬಿದ್ದ ಹನಿ ಯೂಕಾನ್ ನದಿ ಸೇರಿ ಬೇರಿಂಗ್ ಸಮುದ್ರಕ್ಕೆ ಹೋಗುತ್ತದೆ. ಆಚೆ ಬಿದ್ದದ್ದು ಪೀಲ್, ಮೆಕೆಂಜಿ ನದಿಗಳ ಜೊತೆ ಆರ್ಕ್ಟಿಕ್‌ಗೆ. ನಾವೂ ಆ ಹನಿ ಹೋಗುವ ಕಡೆಗೇ ಹೊರಟಿದ್ದೆವು.

ಪಾಸ್ ಇಳಿದ ಮೇಲೆ ಬ್ಲಾಕ್‌ಸ್ಟೋನ್ ಬಯಲು. ಮರಗಳಿಲ್ಲ. ಗುಂಡಗಿನ ಬಿಳಿ ಹಕ್ಕಿಗಳ ಹಿಂಡು, ಟಾರ್ಮಿಗನ್, ಪೊದೆಯಿಂದ ಪೊದೆಗೆ ಓಡುತ್ತಿತ್ತು. ಬಿಳಿ ಹಿಮದ ಮೇಲೆ ಬಿಳಿ ಹಕ್ಕಿ, ಕಾಣುವುದು ಕಣ್ಣು ಮತ್ತು ಬಾಲದ ಕಪ್ಪು ಮಾತ್ರ. ಒಂದು ಫೋಟೊ ತೆಗೆಯೋಣ ಅಂತ ನಾನು ಕಾರನ್ನು ಸಭ್ಯವಾಗಿ ರಸ್ತೆ ಬದಿಗೆ ತಂದೆ.

ಅದೇ ತಪ್ಪಾಯಿತು. ಬಲಗಡೆ ಚಕ್ರಗಳು ಸದ್ದಿಲ್ಲದೆ ಇಳಿದವು. ಕಾರು ವಾಲಿ ನಿಂತಿತು. ತಂಗಿಯ ಕಡೆಯ ಕಿಟಕಿಯಲ್ಲಿ ಹಿಮ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ವಿಷಯ ಏನೆಂದರೆ ಈ ರಸ್ತೆ ನೆಲದ ಮೇಲೆ ಇಲ್ಲ. ಕೆಳಗಿನ ಹೆಪ್ಪುಗಟ್ಟಿದ ಮಣ್ಣು ಕರಗಿದರೆ ರಸ್ತೆ ಕುಸಿಯುತ್ತದೆ ಅಂತ, ಎತ್ತರಕ್ಕೆ ಜಲ್ಲಿ ಸುರಿದು ಅದರ ಮೇಲೆ ಕಟ್ಟಿದ್ದಾರೆ. ಜಲ್ಲಿಯೇ ನೆಲಕ್ಕೆ ಹೊದಿಕೆ. ಹಿಮ ತೆಗೆಯುವ ಯಂತ್ರ ಹಿಮವನ್ನು ಅಂಚಿಗೆ ತಳ್ಳುತ್ತದೆ, ಇಳಿಜಾರು ತುಂಬಿ ರಸ್ತೆಯಷ್ಟೇ ಮಟ್ಟಸವಾಗಿ ಕಾಣುತ್ತದೆ. ಕಾಣುವುದು ಮಾತ್ರ. ಒಳಗೆ ಬರೀ ಪುಡಿ ಹಿಮ.

ಮುಕ್ಕಾಲು ಗಂಟೆ ತೋಡಿದೆವು. ಬೆವರು ಬಂತು. ಈ ಚಳಿಯಲ್ಲಿ ಬೆವರುವುದು ಒಳ್ಳೆಯದಲ್ಲ, ಒದ್ದೆ ಬಟ್ಟೆ ಆಮೇಲೆ ಮೈಯನ್ನೇ ತಣ್ಣಗೆ ಮಾಡುತ್ತದೆ ಅಂತ ತಂಗಿ ಹೇಳುತ್ತಲೇ ಇದ್ದಳು, ನಾನು ಮಾನ ಉಳಿಸಿಕೊಳ್ಳಲು ತೋಡುತ್ತಲೇ ಇದ್ದೆ. ಕೊನೆಗೆ ಉತ್ತರದಿಂದ ಒಂದು ಟ್ಯಾಂಕರ್ ಬಂತು. ಚಾಲಕ ನಡುರಸ್ತೆಯಲ್ಲೇ ನಿಲ್ಲಿಸಿ, ಇಳಿದು, ಏನೂ ಕೇಳದೆ ಸರಪಳಿ ತೆಗೆದ. ಐದೇ ನಿಮಿಷದಲ್ಲಿ ನಾವು ಮತ್ತೆ ರಸ್ತೆಯ ಮೇಲಿದ್ದೆವು. ದುಡ್ಡು ಕೊಡಲು ಹೋದರೆ ಬೇಡ ಅಂದ. "ಇಲ್ಲಿ ರಸ್ತೆ ಬದಿ ಅಂತ ಒಂದಿಲ್ಲ. ನಿಲ್ಲಬೇಕು ಅಂದರೆ ನೇರ ಇರುವ ಕಡೆ ಮಧ್ಯದಲ್ಲೇ ನಿಲ್ಲು. ಬರುವವರಿಗೆ ದೂರದಿಂದ ಕಾಣುತ್ತೆ." ಆಮೇಲೆ ಆಕಾಶ ನೋಡಿ, "ಬೇಗ ಹೋಗಿ, ಗಾಳಿ ಬರ್ತಾ ಇದೆ," ಅಂತ ಸೇರಿಸಿದ. ಎಲೆಯೂ ಅಲುಗಾಡದಷ್ಟು ಶಾಂತವಾಗಿತ್ತು. ನಾನು ನಂಬಲಿಲ್ಲ.

ಫೋಟೊ ಬರಲಿಲ್ಲ. ಹಕ್ಕಿಗಳು ಯಾವಾಗಲೋ ಹೋಗಿದ್ದವು.

ಎಂಜಿನಿಯರ್ ಕ್ರೀಕ್ ಹತ್ತಿರ ಕಬ್ಬಿಣದ ತುಕ್ಕಿನಿಂದ ಕಲ್ಲೆಲ್ಲ ಕೆಂಪಗಿತ್ತು. ಅಲ್ಲಿಂದ ಒಗಿಲ್ವಿ ನದಿಯ ಜೊತೆ ತುಂಬಾ ದೂರ. ಕಣಿವೆಯ ತಳದಲ್ಲಿ ಮೈನಸ್ 41 ತೋರಿಸಿದ ಮೀಟರ್, ಬೆಟ್ಟ ಹತ್ತಿ ಮೇಲೆ ಬಂದಾಗ ಮೈನಸ್ 26 ಅಂದಿತು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಇಲ್ಲಿ ಮೇಲೆ ಹೋದಷ್ಟೂ ಬೆಚ್ಚಗೆ.

ಸಂಜೆ ಬೆಳಕಿನಲ್ಲಿ ಕಾರಿಬೂ, ಅಂದರೆ ಇಲ್ಲಿನ ಹಿಮಸಾರಂಗಗಳು, ಸಿಕ್ಕವು. ಪಾರ್ಕುಪೈನ್ ಹಿಂಡು ಅಂತ ಕರೆಯುತ್ತಾರೆ, ಒಂದು ನದಿಯ ಹೆಸರದು. 2017ರ ಎಣಿಕೆಯಲ್ಲಿ 2 ಲಕ್ಷಕ್ಕೂ ಜಾಸ್ತಿ ಇದ್ದವು. ಬೇಸಿಗೆಯ ಆರಂಭದಲ್ಲಿ ಆರ್ಕ್ಟಿಕ್ ಕರಾವಳಿಗೆ ಹೋಗಿ ಮರಿ ಹಾಕುತ್ತವೆ, ಚಳಿಗಾಲಕ್ಕೆ ಈ ಕಡೆ ಬರುತ್ತವೆ. ನಮಗೆ ಕಂಡದ್ದು ಐವತ್ತು, ಅರವತ್ತು. ಗೊರಸಿನಿಂದ ಹಿಮ ಕೆದರಿ ಕಲ್ಲುಹೂವು ತಿನ್ನುತ್ತಿದ್ದವು. ನಡುರಸ್ತೆಯಲ್ಲಿ ನಿಲ್ಲಿಸಿ (ಹೌದು, ಮಧ್ಯದಲ್ಲೇ) ಎಂಜಿನ್ ಆರಿಸಿ ಕಿಟಕಿ ಇಳಿಸಿದೆವು. ಅವು ನಡೆಯುವಾಗ ಕಾಲಿನಿಂದ ಕಟ್ ಕಟ್ ಅಂತ ಸದ್ದು ಬರುತ್ತದೆ. ಗೊರಸಿನದಲ್ಲ, ಪಾದದ ಎಲುಬಿನ ಮೇಲೆ ಸ್ನಾಯುರಜ್ಜು ಜಾರುವ ಸದ್ದು. ಕತ್ತಲಲ್ಲಿ, ಹಿಮಗಾಳಿಯಲ್ಲಿ ಹಿಂಡು ಒಟ್ಟಿಗೆ ಇರಲು ಈ ಸದ್ದೇ ಸಹಾಯ ಮಾಡುತ್ತದೆ ಅನ್ನುತ್ತಾರೆ. ಎಂಜಿನ್ ಆರಿಸಿದ್ದಕ್ಕೆ ಬೈಸಿಕೊಂಡೆ. ಆದರೂ ಆ ಎರಡು ನಿಮಿಷಕ್ಕೆ ಬೈಸಿಕೊಳ್ಳಬಹುದು.

ರಾತ್ರಿ ಎಂಟಕ್ಕೆ ಈಗಲ್ ಪ್ಲೇನ್ಸ್. ಊರಲ್ಲ. ಬೆಟ್ಟದ ಬೆನ್ನಿನ ಮೇಲೆ ಒಂದು ಹೋಟೆಲ್, ಒಂದು ಪೆಟ್ರೋಲ್ ಪಂಪು, ಪಕ್ಕದಲ್ಲಿ ಹೆದ್ದಾರಿ ಇಲಾಖೆಯ ಶಿಬಿರ. ಹಿಂದೆ ಜನರೇಟರ್ ಗುಂಯ್ ಅನ್ನುತ್ತಿರುತ್ತದೆ. ಕಾರಿಗೆ ವೈರ್ ಸಿಕ್ಕಿಸಿ ಒಳಗೆ ಹೋದೆವು.

ದಿನ 3: ಈಗಲ್ ಪ್ಲೇನ್ಸ್

ಬೆಳಿಗ್ಗೆ ಎದ್ದಾಗ ಕಿಟಕಿ ನಡುಗುತ್ತಿತ್ತು. ಕೆಳಗೆ ಊಟದ ಮನೆಯಲ್ಲಿ ಏಳೆಂಟು ಲಾರಿ ಚಾಲಕರು ಆರಾಮಾಗಿ ಕೂತಿದ್ದರು. ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ಗೇಟ್ ಹಾಕಿದ್ದರು.

ಹೋಟೆಲ್ ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ನಿಜವಾಗಿಯೂ ಒಂದು ಗೇಟ್ ಇದೆ. ಮುಂದೆ ರಿಚರ್ಡ್‌ಸನ್ ಬೆಟ್ಟಗಳ ಬುಡದಲ್ಲಿ ಚಾಲಕರು ಹರಿಕೇನ್ ಆಲಿ ಅಂತ ಕರೆಯುವ ಜಾಗ. ಬೆಟ್ಟದ ಎರಡು ಕಡೆಯ ಗಾಳಿಯ ಒತ್ತಡ ಬೇರೆಯಾದಾಗ ಕಣಿವೆಗಳ ಮೂಲಕ ಗಾಳಿ ನುಗ್ಗುತ್ತದೆ. ದೊಡ್ಡ ಲಾರಿಗಳನ್ನೇ ಮಗುಚಿ ಹಾಕಿದೆ. ಅಂಥ ದಿನ ಗೇಟ್ ಹಾಕುತ್ತಾರೆ. ಯಾವಾಗ ತೆಗೆಯುತ್ತಾರೆ ಅನ್ನುವ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರ: ತೆಗೆದಾಗ.

ನಾನು ಗಂಟೆಗೊಮ್ಮೆ ಹೋಗಿ ಕೇಳಿದೆ. ಕೌಂಟರಿನ ಹೆಂಗಸು ನಾಲ್ಕನೇ ಸಲಕ್ಕೆ ನಾನು ಬಾಯಿ ತೆಗೆಯುವ ಮೊದಲೇ ತಲೆ ಆಡಿಸಿದರು.

ಕೂತು ಕೂತು ಗೋಡೆಯ ಮೇಲಿನ ಹಳೆಯ ಫೋಟೊಗಳನ್ನೆಲ್ಲ ನೋಡಿದೆವು. ಅದರಲ್ಲಿ ಆಲ್ಬರ್ಟ್ ಜಾನ್ಸನ್ ಇದ್ದಾನೆ. ಅದು ಅವನ ನಿಜವಾದ ಹೆಸರೇ ಅಂತ ಇವತ್ತಿಗೂ ತಿಳಿದಿಲ್ಲ. 1932ರ ಚಳಿಗಾಲದಲ್ಲಿ ಪೊಲೀಸರಿಗೆ ಗುಂಡು ಹಾರಿಸಿ, ಕಾಲ್ನಡಿಗೆಯಲ್ಲಿ, ಹಿಮಗಾಳಿಯಲ್ಲಿ, ನಮ್ಮನ್ನು ತಡೆದಿರುವ ಇದೇ ರಿಚರ್ಡ್‌ಸನ್ ಬೆಟ್ಟಗಳನ್ನು ದಾಟಿದ. ಕೊನೆಗೆ ವಿಮಾನ ತಂದು ಹುಡುಕಬೇಕಾಯಿತು. ಫೆಬ್ರವರಿ 17ರಂದು ಈಗಲ್ ನದಿಯ ಮೇಲೆ ಗುಂಡಿಗೆ ಸತ್ತ. 2007ರಲ್ಲಿ ಅವನ ಗೋರಿ ತೆಗೆದು ಡಿಎನ್‌ಎ ಪರೀಕ್ಷೆಯನ್ನೂ ಮಾಡಿದರು. ಯಾರು ಅನ್ನುವುದು ಆಗಲೂ ತಿಳಿಯಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಕತೆ. ಪಕ್ಕದ ಮೇಜಿನ ಹಿರಿಯ ಚಾಲಕರೊಬ್ಬರು ನನ್ನ ಚಡಪಡಿಕೆ ನೋಡಿ, "ಈ ರಸ್ತೆಗೆ ಡೆಂಪ್‌ಸ್ಟರ್ ಹೆಸರು ಯಾಕೆ ಗೊತ್ತಾ?" ಅಂತ ಶುರು ಮಾಡಿದರು. ಫಿಟ್ಜೆರಾಲ್ಡ್ ಅನ್ನುವ ಪೊಲೀಸ್ ಇನ್‌ಸ್ಪೆಕ್ಟರ್ 1910ರ ಡಿಸೆಂಬರ್ 21ರಂದು, ಈ ರಸ್ತೆಯಲ್ಲಿ ಮುಂದೆ ಸಿಗುವ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟ. ಜೊತೆಗೆ ಮೂವರು, ನಾಯಿ ಬಂಡಿಗಳು. ಪ್ರತಿ ಚಳಿಗಾಲ ಅಂಚೆ ಒಯ್ಯುವ ಮಾಮೂಲಿ ಗಸ್ತು ಅದು. ಇವನಿಗೆ ಎಲ್ಲರಿಗಿಂತ ಬೇಗ ಮುಟ್ಟುವ ಆಸೆ. ಭಾರ ಕಡಿಮೆ ಇರಲಿ ಅಂತ ಆಹಾರ ಕಡಿಮೆ ತಗೊಂಡ. ದಾರಿಯಲ್ಲಿ ಸ್ವಲ್ಪ ದೂರ ಕರೆದೊಯ್ದ ಗ್ವಿಚಿನ್ ಅನ್ನುವ ಇಲ್ಲಿನ ಮೂಲನಿವಾಸಿ ಜನಾಂಗದ ಮಾರ್ಗದರ್ಶಿಯನ್ನು ಸಾಕು ಅಂತ ವಾಪಸ್ ಕಳಿಸಿದ. ಆಮೇಲೆ ತಿರುಗಬೇಕಾದ ತೊರೆ ಸಿಗಲಿಲ್ಲ. ದಿನಗಟ್ಟಲೆ ಹುಡುಕಿದರು. ವಾಪಸ್ ತಿರುಗುವ ಹೊತ್ತಿಗೆ ತಡವಾಗಿತ್ತು. ನಾಯಿಗಳನ್ನು ಒಂದೊಂದಾಗಿ ಕೊಂದು ತಿಂದರು. ನಾಲ್ವರೂ ಸತ್ತರು. ಫಿಟ್ಜೆರಾಲ್ಡ್ ಸತ್ತ ಜಾಗದಿಂದ ಫೋರ್ಟ್ ಮ್ಯಾಕ್‌ಫರ್ಸನ್ ಬರೀ 40 ಕಿ.ಮೀ.

ಅವರನ್ನು ಹುಡುಕಲು ಡಾಸನ್‌ನಿಂದ ಹೊರಟವನು ಕಾರ್ಪೊರಲ್ ಡೆಂಪ್‌ಸ್ಟರ್. ಹೊರಟಿದ್ದು 1911ರ ಫೆಬ್ರವರಿ 28. ಮಾರ್ಚ್ 21, 22ರಂದು ದೇಹಗಳು ಸಿಕ್ಕವು.

"ಬೇಗ ಹೋಗಬೇಕು ಅಂದವನ ಹೆಸರು ಇಡಲಿಲ್ಲ ನೋಡಿ," ಅಂದು ಅವರು ಕಾಫಿ ತರಲು ಎದ್ದರು. ತಂಗಿ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಜಾಸ್ತಿ ಅನ್ನಿಸಿತು.

ಆ ದಿನ ಗೇಟ್ ತೆಗೆಯಲಿಲ್ಲ.

ದಿನ 4: ಈಗಲ್ ಪ್ಲೇನ್ಸ್‌ನಿಂದ ಇನುವಿಕ್

ಬೆಳಿಗ್ಗೆ ನಾನು ಕೇಳಲು ಹೋಗಲಿಲ್ಲ. ಹನ್ನೊಂದೂವರೆಗೆ ಚಾಲಕರೆಲ್ಲ ಒಟ್ಟಿಗೆ ಎದ್ದು ಜಾಕೆಟ್ ಹಾಕಿಕೊಂಡರು. ಗೇಟ್ ತೆಗೆದಿತ್ತು.

36 ಕಿ.ಮೀ. ಮುಂದೆ ಆರ್ಕ್ಟಿಕ್ ವೃತ್ತದ ಫಲಕ. ಇಳಿದೆವು, ಫೋಟೊ ಆಯಿತು. ಜೇಬಿನಿಂದ ತೆಗೆದ ಫೋನ್ ಎರಡು ಫೋಟೊಗೆ ಸತ್ತಿತು. ಗಾಳಿ ಕಣ್ಣಿನ ನೀರನ್ನು ರೆಪ್ಪೆಯಲ್ಲೇ ಹೆಪ್ಪುಗಟ್ಟಿಸಿತು. ಸಾಕು ಅಂತ ಓಡಿ ಬಂದೆವು.

ಆಮೇಲೆ ಹರಿಕೇನ್ ಆಲಿ. ಗಾಳಿ ನಿಂತಿದೆ ಅಂತ ಗೇಟ್ ತೆಗೆದಿದ್ದರೂ ಉಳಿದ ಗಾಳಿಯೇ ನಮಗೆ ಸಾಕಾಗಿತ್ತು. ವಿಚಿತ್ರ ಏನೆಂದರೆ ಮೇಲೆ ಆಕಾಶ ಶುದ್ಧ ನೀಲಿ. ಬಿಸಿಲು. ಬೆಟ್ಟಗಳು ಒಂದೊಂದೂ ಸ್ಪಷ್ಟ. ಕೆಳಗೆ ಮಾತ್ರ, ಸೊಂಟದ ಎತ್ತರಕ್ಕೆ, ಹಿಮ ಹೊಳೆಯ ಹಾಗೆ ರಸ್ತೆಗೆ ಅಡ್ಡ ಹರಿಯುತ್ತಿತ್ತು. ರಸ್ತೆ ಕಾಣದು. ಅಂಚಿನ ಗೂಟಗಳ ತುದಿ ಮತ್ತು ಮುಂದಿನ ಲಾರಿಯ ಕೆಂಪು ದೀಪ, ಇಷ್ಟೇ ಗುರುತು. ಹೊಳೆ ಬಲಕ್ಕೆ ಹರಿಯುವುದನ್ನು ನೋಡುತ್ತಿದ್ದರೆ ಕಾರು ಎಡಕ್ಕೆ ಜಾರುತ್ತಿದೆ ಅನ್ನಿಸುತ್ತದೆ, ಕೈ ತಾನಾಗಿ ಸ್ಟೀರಿಂಗ್ ತಿರುಗಿಸಲು ಹೋಗುತ್ತದೆ. ತಂಗಿ ಓಡಿಸುತ್ತಿದ್ದಳು. ನಲವತ್ತರ ವೇಗ. ಒಂದೂ ಮಾತಿಲ್ಲ. ಅರವತ್ತು ಕಿಲೋಮೀಟರಿಗೆ ಒಂದೂವರೆ ಗಂಟೆ.

ರೈಟ್ ಪಾಸ್‌ನಲ್ಲಿ ಯೂಕಾನ್ ಮುಗಿದು ನಾರ್ತ್‌ವೆಸ್ಟ್ ಟೆರಿಟರೀಸ್. ಇಳಿಯುತ್ತಾ ಹೋದಂತೆ ಗಾಳಿ ನಿಂತಿತು, ಯಾರೋ ಸ್ವಿಚ್ ಒತ್ತಿದ ಹಾಗೆ.

ಪೀಲ್ ನದಿಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ದೋಣಿ ಕಾರುಗಳನ್ನು ದಾಟಿಸುತ್ತದೆ, ಚಳಿಗಾಲದಲ್ಲಿ ನದಿಯ ಮಂಜುಗಡ್ಡೆಯ ಮೇಲೇ ದಾಟಬೇಕು. ಮೇಲೆ ನೀರು ಪಂಪ್ ಮಾಡಿ ಮಂಜನ್ನು ದಪ್ಪ ಮಾಡುತ್ತಾರೆ, ದಪ್ಪ ಆದಷ್ಟೂ ಹೆಚ್ಚು ತೂಕಕ್ಕೆ ಬಿಡುತ್ತಾರೆ. ಶರತ್ಕಾಲದಲ್ಲಿ ಮತ್ತು ವಸಂತದಲ್ಲಿ ಕೆಲವು ವಾರ ದೋಣಿಯೂ ಇಲ್ಲ, ಮಂಜೂ ಇಲ್ಲ, ಆಚೆಯವರು ಆಚೆಗೇ. ನಮ್ಮ ಮುಂದೆ ತುಂಬಿದ ಲಾರಿ ದಾಟಿತು. ಅದು ದಾಟಿದ ಮೇಲೆ ನಮಗೇನು ಭಯ ಅಂತ ಬುದ್ಧಿ ಹೇಳಿತು. ಹೊಟ್ಟೆ ಒಪ್ಪಲಿಲ್ಲ. ಮುಗಿಯಲು ಒಂದೇ ನಿಮಿಷ.

ಫೋರ್ಟ್ ಮ್ಯಾಕ್‌ಫರ್ಸನ್, ಟೀಟ್ಲಿಟ್ ಗ್ವಿಚಿನ್ ಜನರ ಊರು. ಚರ್ಚಿನ ಪಕ್ಕದ ಸ್ಮಶಾನದಲ್ಲಿ ಆ ನಾಲ್ವರ ಗೋರಿಗಳಿವೆ. ಸೂರ್ಯ ಮುಳುಗುತ್ತಿದ್ದ. ಯಾರೋ ಹಿಮದಲ್ಲಿ ಅಲ್ಲಿಯವರೆಗೆ ನಡೆದು ಹೋದ ಹೆಜ್ಜೆ ಗುರುತಿತ್ತು. ಫಿಟ್ಜೆರಾಲ್ಡ್ ಕೊನೆಗೆ ಸುಟ್ಟ ಕಡ್ಡಿಯ ಇದ್ದಿಲಿನಿಂದ ಒಂದು ಚೀಟಿ ಬರೆದಿದ್ದ, ತನ್ನ ದುಡ್ಡು ಬಟ್ಟೆ ಎಲ್ಲ ತಾಯಿಗೆ ಅಂತ. ಈಗಲ್ ಪ್ಲೇನ್ಸ್‌ನಲ್ಲಿ ಕೇಳಿದಾಗ ಕತೆಯಾಗಿತ್ತು. ಇಲ್ಲಿ ನಿಂತಾಗ ನನಗೆ ನಿನ್ನೆಯ ನನ್ನ ಚಡಪಡಿಕೆ ನೆನಪಾಗಿ ನಾಚಿಕೆ ಆಯಿತು.

ಮೆಕೆಂಜಿ ನದಿ ದಾಟುವಾಗ ಕತ್ತಲೆ. ಪೀಲ್‌ಗಿಂತ ಎಷ್ಟೋ ಅಗಲ. ಅಲ್ಲಿಂದ ಇನುವಿಕ್‌ವರೆಗೆ ನೇರ, ಚಪ್ಪಟೆ, ಸಣಕಲು ಮರಗಳು. ಹತ್ತಕ್ಕೆ ತಲುಪಿದೆವು.

ದಿನ 5: ಇನುವಿಕ್

ಸುಮಾರು ಮೂರು ಸಾವಿರ ಜನರ ಊರು. ಹತ್ತಿರದ ಅಕ್ಲಾವಿಕ್ ಪ್ರವಾಹಕ್ಕೆ ಸಿಗುತ್ತದೆ ಅಂತ 1950ರ ದಶಕದಲ್ಲಿ ಸರ್ಕಾರ ಇದನ್ನು ಹೊಸದಾಗಿ ಕಟ್ಟಿತು. ತಮಾಷೆ ಅಂದರೆ ಅಕ್ಲಾವಿಕ್ ಜನ ಎಲ್ಲರೂ ಬರಲಿಲ್ಲ, ಆ ಊರು ಇವತ್ತಿಗೂ ಅಲ್ಲೇ ಇದೆ.

ಮನೆಗಳೆಲ್ಲ ಕಂಬಗಳ ಮೇಲೆ, ನೆಲಕ್ಕೆ ಮನೆಯ ಬಿಸಿ ತಾಗಬಾರದು. ನೀರು ಮತ್ತು ಚರಂಡಿ ಕೊಳವೆಗಳನ್ನೂ ಹೂಳುವಂತಿಲ್ಲ. ದಪ್ಪ ಹೊದಿಕೆಯ ಪೆಟ್ಟಿಗೆಗಳಲ್ಲಿ ನೆಲದಿಂದ ಮೇಲೆ ಮನೆಯಿಂದ ಮನೆಗೆ ಹೋಗುತ್ತವೆ. ಊರಿನ ಕರುಳು ಹೊರಗೆ ಕಾಣುತ್ತದೆ. ಇಗ್ಲೂ ಆಕಾರದ ಬಿಳಿ ಚರ್ಚು 1960ರದ್ದು, ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ನನಗೆ ಇಷ್ಟವಾಗಿದ್ದು ಪುಟ್ಟ ಮಸೀದಿ. 2010ರಲ್ಲಿ ಅದನ್ನು ವಿನಿಪೆಗ್‌ನಲ್ಲಿ ಕಟ್ಟಿ, ಇಡೀ ಕಟ್ಟಡವನ್ನೇ ಲಾರಿಯಲ್ಲಿ, ಆಮೇಲೆ ಮೆಕೆಂಜಿ ನದಿಯಲ್ಲಿ ದೋಣಿಯ ಮೇಲೆ, ಸುಮಾರು 4,000 ಕಿ.ಮೀ. ಸಾಗಿಸಿ ತಂದರು. ಮನೆಯಿಂದ ಅಷ್ಟು ದೂರ ಬಂದವರು ಕೂರಲು ಒಂದು ಜಾಗ ಬೇಕು, ಅಲ್ವಾ.

ಮಧ್ಯಾಹ್ನ ಅಕ್ಲಾವಿಕ್ ಕಡೆಯ ಮಂಜು ರಸ್ತೆಯಲ್ಲಿ ಇಪ್ಪತ್ತು ಕಿ.ಮೀ. ಹೋಗಿ ಬಂದೆವು. ಇದು ನದಿ ದಾಟುವುದಲ್ಲ, ನದಿಯ ಉದ್ದಕ್ಕೂ ಓಡಿಸುವುದು. ಹಿಮ ಗುಡಿಸಿದ ಕಡೆ ಮಂಜು ಕಪ್ಪು ನೀಲಿ ಗಾಜಿನ ಹಾಗೆ, ಒಳಗೆ ಬಿಳಿ ಬಿರುಕುಗಳು ಆಳಕ್ಕೆ ಇಳಿದಿರುವುದು ಕಾಣುತ್ತದೆ. ಜೋರಾಗಿ ಹೋಗಬಾರದು. ಕಾರಿನ ಭಾರಕ್ಕೆ ಮಂಜು ಸ್ವಲ್ಪ ಬಗ್ಗುತ್ತದೆ, ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ, ಆ ಅಲೆ ದಡಕ್ಕೆ ಬಡಿದರೆ ಅಲ್ಲಿ ಮಂಜು ಒಡೆಯಬಹುದು. ನಿಂತು ಇಳಿದಾಗ ಎಲ್ಲೋ ದೂರದಲ್ಲಿ ಡೊಂಯ್ ಅಂತ ಸದ್ದಾಯಿತು. ನಾನು ತಂಗಿಗಿಂತ ಮೊದಲು ಕಾರಿನೊಳಗಿದ್ದೆ.

ದಿನ 6: ಟುಕ್ಟೋಯಾಕ್ಟುಕ್

ಮೊದಲು ಚಳಿಗಾಲದಲ್ಲಿ ಮಾತ್ರ, ನದಿ ಮತ್ತು ಸಮುದ್ರದ ಮಂಜಿನ ಮೇಲೆ, ಸಾಗರದ ದಡದ ಟುಕ್ಟೋಯಾಕ್ಟುಕ್ ಊರಿಗೆ (ಚಿಕ್ಕದಾಗಿ ಟುಕ್) ರಸ್ತೆ ಮಾಡುತ್ತಿದ್ದರು. 2017ರ ನವೆಂಬರ್ 15ರಂದು ಜಲ್ಲಿ ರಸ್ತೆ ತೆರೆದ ಮೇಲೆ ಅದು ನಿಂತುಹೋಯಿತು. ಊರಿನವರಿಗೆ ಇದು ಅನುಕೂಲ. ನನಗೆ ಸಮುದ್ರದ ಮೇಲೆ ಓಡಿಸುವ ಅವಕಾಶ ತಪ್ಪಿತಲ್ಲ ಅನ್ನುವ ಸಣ್ಣ ಹೊಟ್ಟೆಕಿಚ್ಚು.

ಇನುವಿಕ್ ಬಿಟ್ಟು ಸ್ವಲ್ಪ ಹೊತ್ತಿಗೆ ಮರಗಳು ಗಿಡ್ಡವಾದವು, ಬಿಡಿಬಿಡಿಯಾದವು, ಆಮೇಲೆ ಇಲ್ಲವೇ ಇಲ್ಲ. ನೆಲ, ಕೆರೆ, ಆಕಾಶ ಎಲ್ಲ ಒಂದೇ ಬಣ್ಣ. ಟುಕ್ ಹತ್ತಿರ ಬಂದಾಗ ಆ ಚಪ್ಪಟೆ ನೆಲದಿಂದ ಶಂಕುವಿನಂಥ ಗುಡ್ಡಗಳು ಎದ್ದಿದ್ದವು. ಪಿಂಗೋ. ಮಣ್ಣಿನ ಗುಡ್ಡದಂತೆ ಕಂಡರೂ ಒಳಗೆ ಮಂಜುಗಡ್ಡೆ. ಒಂದು ಕೆರೆ ಬರಿದಾದಾಗ ಅದರ ತಳ ಮೇಲಿನಿಂದ ಹೆಪ್ಪುಗಟ್ಟಲು ಶುರುವಾಗುತ್ತದೆ, ಒಳಗೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವಿಲ್ಲ, ಮೇಲಕ್ಕೆ ಒತ್ತಿ ಗಡ್ಡೆಯಾಗುತ್ತದೆ. ಇಬ್ಯುಕ್ ಅನ್ನುವುದು 49 ಮೀಟರ್ ಎತ್ತರ, ಕೆನಡಾದಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಊರಿನ ತುದಿಯಲ್ಲಿ ಆರ್ಕ್ಟಿಕ್ ಸಾಗರ ಅಂತ ಫಲಕ ಇದೆ. ಫಲಕ ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ಬಿಳಿ ನೆಲ ಎಲ್ಲಿ ಮುಗಿಯಿತು, ಬಿಳಿ ಸಮುದ್ರ ಎಲ್ಲಿ ಶುರುವಾಯಿತು? ಕಲ್ಲುಗಳಿರುವ ಕಡೆ ನೆಲ, ಮುಂದೆ ನಡೆದರೆ ನೀರಿನ ಮೇಲೆ ಇದ್ದೀವಿ ಅಂತ ಲೆಕ್ಕ. ನೂರು ಹೆಜ್ಜೆ ನಡೆದೆವು. ತಂಗಿ ಬೂಟಿನಿಂದ ಒದ್ದು, "ಇದೇನಾ?" ಅಂದಳು. ಮೂರು ದಿನ ಒದ್ದಾಡಿದ್ದು ಇದಕ್ಕಾ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ನಿಜ ಹೇಳಬೇಕೆಂದರೆ ಈ ಪ್ರವಾಸದಲ್ಲಿ ಅತಿ ಸಪ್ಪೆ ಜಾಗ ಕೊನೆಯ ಜಾಗವೇ.

ದಡದ ಮನೆಗಳು ಮಾತ್ರ ಮನಸ್ಸಿನಲ್ಲಿ ಉಳಿದವು. ಹೆಪ್ಪುಗಟ್ಟಿದ ದಡ ಬೇಸಿಗೆಯಲ್ಲಿ ಕರಗಿ, ಅಲೆಗೆ ಕೊಚ್ಚಿ ಹೋಗುತ್ತಿದೆ. ಕೆಲವು ಮನೆಗಳನ್ನು ಆಗಲೇ ಒಳಗೆ ಸಾಗಿಸಿದ್ದಾರೆ. ನೆಲ ಗಟ್ಟಿ ಇರುವುದು ಚಳಿ ಇರುವವರೆಗೆ ಅನ್ನುವುದನ್ನು ಡಾಸನ್‌ನಿಂದ ಇಲ್ಲಿಯವರೆಗೆ ನೋಡುತ್ತಲೇ ಬಂದಿದ್ದೆವು. ಅಲ್ಲಿ ಕಟ್ಟಡ ವಾಲುತ್ತದೆ, ಇಲ್ಲಿ ದಡವೇ ಹೋಗುತ್ತದೆ.

ರಾತ್ರಿ ವಾಪಸ್ ಬರುವಾಗ ಅರೋರಾ, ಅಂದರೆ ಧ್ರುವದ ಕಡೆಯ ಆಕಾಶದಲ್ಲಿ ಮೂಡುವ ಬೆಳಕು, ಕಂಡಿತು. ಫೋಟೊದಲ್ಲಿ ಬಂದಷ್ಟು ಹಸಿರು ಕಣ್ಣಿಗೆ ಕಾಣುವುದಿಲ್ಲ, ಮಾಸಲು ಹಸಿರು, ಹೊಗೆಯಂತೆ. ಆದರೆ ಫೋಟೊದಲ್ಲಿ ಅದು ಅಲುಗಾಡುವುದಿಲ್ಲ. ಇಲ್ಲಿ ಇಡೀ ಆಕಾಶ ಅಲುಗಾಡುತ್ತಿತ್ತು. ನಡುರಸ್ತೆಯಲ್ಲಿ ನಿಂತು ನೋಡಿದೆವು.

ದಿನ 7, 8: ವಾಪಸ್

ಗೇಟ್ ತೆರೆದಿತ್ತು. ಗಾಳಿ ಇರಲಿಲ್ಲ. ಮೊನ್ನೆ ಒಂದೂವರೆ ಗಂಟೆ ಹಿಡಿದ ದಾರಿ ಐವತ್ತು ನಿಮಿಷಕ್ಕೆ ಮುಗಿಯಿತು. ಏನೂ ಇಲ್ಲದ ಸಾಮಾನ್ಯ ಕಣಿವೆ. ಇಲ್ಲೇನಾ ನಾವು ಉಸಿರು ಬಿಗಿ ಹಿಡಿದದ್ದು ಅಂತ ಅನುಮಾನ ಬರುವಷ್ಟು ಸಾಮಾನ್ಯ. ಈಗಲ್ ಪ್ಲೇನ್ಸ್‌ನಲ್ಲಿ ರಾತ್ರಿ. ಕೌಂಟರಿನ ಹೆಂಗಸು ನನ್ನನ್ನು ನೋಡಿ, "ತೆರೆದಿದೆ," ಅಂತ ನಕ್ಕರು.

ಮರುದಿನ ಒಗಿಲ್ವಿ ಕಣಿವೆಯಲ್ಲಿ ಒಂದು ಟೈರ್ ಹೋಯಿತು. ಗಾಳಿಗೆ ಹಿಮ ಹಾರಿ ಜಲ್ಲಿ ಬಯಲಾಗಿದ್ದ ಜಾಗ. ಚಳಿಗಾಲದಲ್ಲಿ ಪಂಕ್ಚರ್ ಕಡಿಮೆ ಅಂದವನು ನಾನೇ. ಮೈನಸ್ 33ರಲ್ಲಿ ಕೈಗವಸು ತೆಗೆಯದೆ ನಟ್ ಬಿಚ್ಚಲು ಆಗುವುದಿಲ್ಲ, ತೆಗೆದರೆ ಕಬ್ಬಿಣ ಬೆರಳಿಗೆ ಅಂಟುತ್ತದೆ. ಒಬ್ಬರು ಎರಡು ನಿಮಿಷ, ಇನ್ನೊಬ್ಬರು ಎರಡು ನಿಮಿಷ ಅಂತ ಸರದಿ ಮಾಡಿಕೊಂಡೆವು. ಅಷ್ಟರಲ್ಲಿ ಎರಡು ಲಾರಿ ಬಂದವು, ಎರಡೂ ನಿಂತು ಕೇಳಿದವು. ಸರಿ ಇದ್ದೀವಿ ಅಂದ ಮೇಲೇ ಹೋದವು.

ದಿನ 9: ಡಾಸನ್‌ನಿಂದ ವೈಟ್‌ಹಾರ್ಸ್

ಡಾಸನ್‌ನಲ್ಲಿ ಮೈನಸ್ 14. ತಂಗಿ ಜಾಕೆಟ್ ಬಿಚ್ಚಿ ಹಿಂದೆ ಎಸೆದು, ಸೆಕೆ ಅಂದಳು. ನಾವಿಬ್ಬರೂ ಖುಷಿಯಲ್ಲಿದ್ದೆವು. ಕಷ್ಟದ ರಸ್ತೆ ಮುಗಿದಿತ್ತು, ಇನ್ನು ಡಾಂಬರು, ಸಂಜೆಗೆ ವೈಟ್‌ಹಾರ್ಸ್. ಸ್ಟೀರಿಂಗ್ ಮೇಲಿನ ಹಳದಿ ಚೀಟಿಯ ಅಂಟು ಬಿಟ್ಟು ಎರಡು ದಿನವಾಗಿತ್ತು, ಎಲ್ಲೋ ಸೀಟಿನ ಕೆಳಗೆ ಬಿದ್ದಿರಬೇಕು.

ಅವಳೇ ಕಾರು ಹೊರಡಿಸಿದಳು. ಎರಡು ಮೀಟರ್ ಹೋಗಿತ್ತೋ ಇಲ್ಲವೋ, ಮುಂದಿನಿಂದ ಪಟ್ ಅಂತ ಸದ್ದಾಯಿತು.

ಇಳಿದು ನೋಡಿದೆವು. ಅರ್ಧ ವೈರ್ ಕಂಬದ ಪ್ಲಗ್‌ನಲ್ಲಿ, ಅರ್ಧ ಗ್ರಿಲ್‌ನಲ್ಲಿ ಜೋತಾಡುತ್ತಿತ್ತು. ನಾನು ಏನೂ ಹೇಳಲಿಲ್ಲ. ಸುಮ್ನೆ ಜೇಬಿನಿಂದ ಫೋನ್ ತೆಗೆದೆ.

"ಫೋಟೊ ತೆಗೆದರೆ ನೋಡು," ಅಂದಳು.

ತೆಗೆದೆ.